ಹತ್ತನೆಯ ಚೀಲ

ತಿಕೋಟಾದ ದನದ ದವಾಖಾನೆಯ ಕಂಪೌಂಡರ ಇಸಾಕರು ದಶಮಾಂಶದ, ಅಂದರೆ ದೇವರಿಗೆ ಕೊಡುವ ಹತ್ತನೆಯ ಪಾಲಿನ, ಅಳತೆಯಲ್ಲಿ ಮೋಸ ಮಾಡಿದರೆಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು. ಅವರ ಅಳತೆಯಲ್ಲಿ ಒಂದು ಸೇರೂ ಕಡಿಮೆ ಬಿದ್ದದ್ದಿಲ್ಲ. ತಪ್ಪು ನಡೆದದ್ದು ಬೇರೆ ಕಡೆ. ತಿಳಿಯದೆ ಮಾತಾಡುವವರು ಅದನ್ನಾದರೂ ಸರಿಯಾಗಿ ತಿಳಿದುಕೊಳ್ಳಲಿ.

1974ರ ಅಕ್ಟೋಬರಿನಲ್ಲಿ ಇಸಾಕರು ಬಬಲೇಶ್ವರದ ತಮ್ಮ ಹಗೇವನ್ನು ತೆಗೆಸಿದರು. ನೆಲದೊಳಗಿನ ಆ ಕಣಜದ ನಡುವಿನ ಜೋಳ ಮುತ್ತಿನಂತಿರುತ್ತದೆ. ಗೋಡೆಗೆ ತಾಗಿದ್ದು ತಂಪು ಹಿಡಿದು ಕಪ್ಪಾಗಿ ಮುಗ್ಗಲು ನಾರುತ್ತದೆ. ಒಂಬತ್ತು ಚೀಲ ನಡುವಿನಿಂದ ತುಂಬಿದವು. ಹತ್ತನೆಯದಕ್ಕೆ ಗೋಡೆಯ ಕಾಳೇ ಉಳಿದಿತ್ತು. ಕಣಜಕ್ಕಿಳಿದಿದ್ದ ಆಳು ಗುಡುಸಾಬ ಒಂದು ಹಿಡಿ ಮೂಸಿ ನೋಡಿದ.

"ಸಾಹೇಬ್ರ, ಇದನ್ನ ಎಮ್ಮಿಗಿ ಇಡ್ರಿ. ನಮ್ಮ ಮಂದಿ ಬಡವರಿಗಿ ಕೊಡೂ ಜಕಾತಿಗೆ ಇಂಥಾದ್ದು ಕೊಡಂಗಿಲ್ಲ."

"ಹತ್ತರಾಗ ಒಂದು ಕೊಡು ಅಂದೈತಿ. ಯಾವ ಒಂದು ಅಂತ ಹೇಳಿಲ್ಲ. ನೀ ಬಾಯಿ ಹೊಲಿ," ಎಂದರು ಇಸಾಕ.

"ಚೀಲದ್ದೋ ನಂದೋ?" ಎಂದು ಗುಡುಸಾಬ ದಬ್ಬಣ ಕೈಗೆತ್ತಿಕೊಂಡ.

ಚೀಲದ ಮೇಲೆ ಇಸಾಕರು ಡಾಂಬರಿನಿಂದ 'ಇಸಾಕ, ತಿಕೋಟಾ, ದಶಮಾಂಶ' ಎಂದು ದಪ್ಪಗೆ ಬರೆದರು. ಪ್ರತಿ ವರ್ಷವೂ ಹಾಗೆಯೇ ಬರೆದು ಸಭೆಗೆ ಕಳಿಸುತ್ತಿದ್ದರು.

ವಿಜಾಪುರದ ಆ ಕ್ರೈಸ್ತ ಸಭೆಯಲ್ಲಿ ಅವರು ಹಿರಿಯರು. ಪ್ರತಿ ಅಡುಗೆಯ ಮುಂದೆ ಒಂದು ಹಿಡಿ ಕಾಳನ್ನು ದೇವರ ಗಡಿಗೆಗೆ ಹಾಕಿ ಭಾನುವಾರ ತರುವುದು ಆ ಸಭೆಯ ಹೆಂಗಸರ ರೂಢಿ. ಮುರಿಗೆವ್ವ ಎಂಬ ವಿಧವೆಯ ಗಡಿಗೆ ಮೂರು ವಾರ ಬಾರದಿದ್ದಾಗ, ವಿಚಾರಿಸಲೆಂದು ಇಸಾಕರೇ ಹೊರಟರು. ಗಾಂಧಿ ಚೌಕದ ಅಡತಿ ಅಂಗಡಿಯೊಂದರಲ್ಲಿ ಕಾಳು ಹಸನು ಮಾಡುವ ಕೂಲಿ ಅವಳದು; ಅವಳ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿತ್ತು.

"ಏನಬೇ ಮುರಿಗೆವ್ವಾ, ಮೂರು ಐತವಾರ ಆತು. ದೇವರ ಪಾಲು ಮರತೀಯೇನು?"

"ಮರತಿಲ್ರಿ ಸಾಹೇಬ್ರ. ಮೊದ್ಲ ಒಂದು ರೊಟ್ಟಿ ತಿನ್ರಿ, ಆಮ್ಯಾಲ ಬೈರಿ." ಅವಳು ಚೀಲವೊಂದನ್ನು ಮಡಚಿ ಹಾಸಿದಳು.

ಮೊದಲ ತುತ್ತಿಗೇ ಇಸಾಕರು ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. ಆ ಮುಗ್ಗಲು ವಾಸನೆ ಅವರಿಗೆ ಗೊತ್ತಿತ್ತು.

"ಈ ಜ್ವಾಳ ಎಲ್ಲೀದು?"

"ಪಾದ್ರಿ ಅಯ್ಯಾರು ಕೊಟ್ಟು ಕಳಿಸಿದ್ದರಿ. ಹಗೇವಿನ ಗ್ವಾಡಿ ಜ್ವಾಳ. ಕೊಟ್ಟವ್ರ ಮನ್ಯಾಗ ಇದ್ದದ್ದ ಇಷ್ಟ ಕಾಣ್ತೈತಿ, ಪಾಪ. ಅಂಥಾ ಬಡವರು ಚೀಲ ತುಂಬ ಕೊಟ್ಟಾರ ನೋಡ್ರಿ."

ಅವಳು ಗಡಿಗೆ ತಂದು ಮುಂದಿಟ್ಟಳು. ತಳದಲ್ಲಿ ಒಂದಿಷ್ಟು ಕಾಳಿದ್ದವು, ಎಲ್ಲವೂ ಬಿಳಿಯವು. ಒಂದೂ ಕಪ್ಪು ಕಾಳಿರಲಿಲ್ಲ.

"ಕೆಟ್ಟದ್ದು ದೇವರಿಗೆ ಹ್ಯಾಂಗ ಹಾಕ್ಲಿರಿ? ಮೊರದಾಗ ಹಾಕ್ಕೊಂಡು ಚಲೋವು ಆರಿಸಾಕತ್ತೇನಿ. ಒಂದು ಹಿಡಿ ಕೂಡಾಕ ನಾಕು ದಿನ ಬೇಕಾಗ್ತೈತಿ. ಅದಕ್ಕ ತಡ ಆತು, ಸಿಟ್ಟಾಗಬ್ಯಾಡ್ರಿ. ಉಳಿದದ್ದು ನಮಗ ನಡೀತೈತಿ."

ಇಸಾಕರು ಬಿಡುವ ಮನಸ್ಸಾದರೂ ಬಿಡದೆ ಆ ರೊಟ್ಟಿಯನ್ನು ಪೂರ್ತಿ ತಿಂದರು. ಬೇಗ ಹೊರಟುಬಿಡಬೇಕೆಂದು ಎದ್ದರು.

"ತಡೀರಿ," ಎಂದು ಮುರಿಗೆವ್ವ ಅವರು ಕುಳಿತಿದ್ದ ಚೀಲವನ್ನು ಬಿಡಿಸಿ ಹಿಡಿದಳು. "ಇದರ ಮ್ಯಾಲ ಏನೋ ಬರದಾರ. ನನಗ ಓದಾಕ ಬರೂದಿಲ್ಲ. ಕೊಟ್ಟವ್ರ ಹೆಸರಿದ್ರ ಹೇಳ್ರಿ, ಹೆಸರು ಹಿಡದು ಅವರ ಸಲುವಾಗಿ ಬೇಡಿಕೋತೇನಿ."

ಯಾವ ಹೆಸರು ಹೇಳಿದ್ದರೂ ಅವಳು ನಂಬುತ್ತಿದ್ದಳು. ಹೆಸರು ಅಳಿಸಿಹೋಗಿದೆ ಎಂದಿದ್ದರೂ ನಂಬುತ್ತಿದ್ದಳು. ಇಸಾಕರು ತಮ್ಮದೇ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟರು.

"ಇಸಾಕ," ಎಂದು ಓದಿದರು. "ತಿಕೋಟಾ."

ಮೂರನೆಯ ಶಬ್ದವನ್ನು ಓದದೆ ಬೆರಳು ತೆಗೆದರು.

ಮುರಿಗೆವ್ವ ಚೀಲವನ್ನು ಮೆಲ್ಲಗೆ ಮಡಚಿದಳು. ಅವರ ಮುಖ ನೋಡದೆ ಕುಳಿತು, ಮೊರವನ್ನು ಮಡಿಲಿಗೆಳೆದುಕೊಂಡು, ಮತ್ತೆ ಬಿಳಿ ಕಾಳು ಆರಿಸತೊಡಗಿದಳು.

"ಆತು ಬಿಡ್ರಿ," ಎಂದಳು. "ಹೆಸರು ಗೊತ್ತಾತು. ಬೇಡಿಕೋತೇನಿ."