ಗೂಡ್ಸ್ ಗಾಡಿಯ ಮರೆಯಲ್ಲಿ ಪಿಟೀಲು

ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ನನಗೆ ಪಿಟೀಲಿನ ಹುಚ್ಚು ಹಿಡಿಯಿತು. ಆಗ ನಾವಿದ್ದದ್ದು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಯಾವ ಹೊತ್ತಿನಲ್ಲೂ ಯಾರಾದರೊಬ್ಬರು ಮಲಗಿಯೇ ಇರುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬಂದವರ ಬಾಗಿಲ ಮುಂದೆ ಮಕ್ಕಳು ಆಡುವುದೂ ಪಿಸುಮಾತಿನಲ್ಲೇ. ನಮ್ಮ ಪಕ್ಕದ ಮನೆಯವರು ನೈಟ್ ಡ್ಯೂಟಿಯ ಗೇಟ್‌ಮನ್. ನಮಗೂ ಅವರಿಗೂ ನಡುವೆ ಒಂದೇ ಗೋಡೆ.

ಕಲಿಸುತ್ತಿದ್ದವರು ಹೊಳಲ್ಕೆರೆಯ ಒಬ್ಬ ನಿವೃತ್ತ ಮೇಷ್ಟ್ರು. "ದಿನಾ ಒಂದು ಗಂಟೆ ನುಡಿಸದಿದ್ರೆ ಬರಬೇಡಮ್ಮ" ಎಂದು ಮೊದಲ ಭಾನುವಾರವೇ ಹೇಳಿಬಿಟ್ಟಿದ್ದರು. ಬಚ್ಚಲಲ್ಲಿ ಕೂತು ನೋಡಿದೆ, ಸದ್ದು ಇಮ್ಮಡಿಯಾಯಿತು. ಸ್ಟೇಷನ್ ಹಿಂದಿನ ಬೇವಿನ ಮರದಡಿ ಕೂತರೆ ಕುರಿ ಮೇಯಿಸುವ ಅಜ್ಜ ಬಂದು, "ಯಾಕವ್ವಾ, ಮನೆಯಾಗೆ ಜಗಳ ಆತೇನು?" ಎಂದ. ನಾಚಿಕೆಯಾಗಿ ಎದ್ದು ಬಂದೆ.

ಕೊನೆಗೊಂದು ಉಪಾಯ ಹೊಳೆಯಿತು. ಮನೆಯ ಹಿಂದೆಯೇ ಹಳಿ. ಗೂಡ್ಸ್ ಗಾಡಿ ಹೋದರೆ ಪಾತ್ರೆಗಳೆಲ್ಲ ಕುಣಿಯುತ್ತವೆ. ಆ ಸದ್ದಿನ ಮರೆಯಲ್ಲಿ ನುಡಿಸಿದರೆ ಯಾರಿಗೆ ಕೇಳೀತು? ಗಾಡಿ ಬಂದಾಗ ಶುರು, ಕೊನೆಯ ಡಬ್ಬಿ ದಾಟಿದೊಡನೆ ಬಂದ್. ಗೀತೆ ಎಲ್ಲಿಗೆ ಬಂದಿದ್ದರೂ ಸರಿ, ಅಲ್ಲಿಗೇ ಬಂದ್. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ತಿಂಗಳ ಮೇಲೆ ಮೇಷ್ಟ್ರು ನನ್ನ ಗೀತೆ ಕೇಳಿ ಕನ್ನಡಕ ತೆಗೆದರು. "ಇದೇನಮ್ಮ, ಕಮಾನು ಹಿಡಿದು ಕಟ್ಟಿಗೆ ಕುಯ್ತಿದೀಯಲ್ಲ! ನಿನ್ನ ಸ್ವರ ನಿನಗೇ ಕೇಳ್ತಿಲ್ವಾ?"

ಕೇಳುತ್ತಲೇ ಇರಲಿಲ್ಲ. ರೈಲು ಕೇಳಲು ಬಿಟ್ಟರೆ ತಾನೇ!

"ಇನ್ನೊಂದು ವಾರ ನೋಡ್ತೀನಿ. ಆಗಲೂ ಹಿಂಗೇ ಆದ್ರೆ ಬಿಟ್ಬಿಡು" ಎಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಎರಡು ದಿನ ಪಿಟೀಲು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗೇಟ್‌ಮನ್ ಹೆಂಡತಿ ಬಾಗಿಲು ತಟ್ಟಿದರು. "ಎರಡು ದಿನದಿಂದ ಪಿಟೀಲೇ ಇಲ್ಲಲ್ಲ ಅಕ್ಕ, ಯಾಕೆ?" ಎಂದರು.

"ನಿಮಗೆ ಕೇಳಿಸ್ತಿತ್ತಾ? ತಪ್ಪಾಯ್ತು ಕಣ್ರೀ. ರೈಲಿನ ಸದ್ದಲ್ಲಿ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

"ನಮಗೆ ರೈಲು ಎಲ್ಲಿ ಕೇಳುತ್ತೆ ಅಕ್ಕ? ನಿಮ್ಮ ಪಿಟೀಲೇ ಕೇಳೋದು. ಅದನ್ನ ಕೇಳ್ಕಂತ ನಮ್ಮನೆಯೋರಿಗೆ ಕಣ್ಣು ಹತ್ತುತ್ತೆ. ಅಷ್ಟರಾಗೆ ನೀವು ಅರ್ಧಕ್ಕೇ ನಿಲ್ಲಿಸ್ತೀರಿ. ಎಚ್ಚರಾಗಿ, ಮುಂದೇನೈತೋ ಅಂತ ಗೋಡೆ ನೋಡ್ಕಂತ ಕುಂತಿರ್ತಾರೆ. ಒಂದ್ಸಲನಾದ್ರೂ ಪೂರ್ತಿ ನುಡಿಸ್ರಿ, ನಿಮ್ಮ ದಮ್ಮಯ್ಯ."

ಆ ಹೆಣ್ಣುಮಗಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಅವತ್ತು ರೈಲಿಗೆ ಕಾಯಲಿಲ್ಲ. ಗೋಡೆಯ ಪಕ್ಕದಲ್ಲೇ ಕೂತು ಮೆಲ್ಲಗೆ ನುಡಿಸಿದೆ. ನನ್ನ ತಪ್ಪುಗಳೆಲ್ಲ ಒಂದೊಂದಾಗಿ ಕಿವಿಗೆ ಬಿದ್ದವು. ಆದರೂ ಕೊನೆಯ ಸಾಲಿನವರೆಗೆ ಹೋದೆ. ಕಮಾನು ಕೆಳಗಿಟ್ಟು ಕಿವಿಗೊಟ್ಟೆ. ಆಚೆ ಮಂಚ ಕಿರುಗುಟ್ಟಿತು, ಆಮೇಲೆ ಗೊರಕೆ ಶುರುವಾಯಿತು. ವಾರದ ಉಳಿದ ದಿನಗಳೂ ಹಾಗೆಯೇ ನಡೆದವು.

ಭಾನುವಾರ ಮೇಷ್ಟ್ರು ಕನ್ನಡಕ ತೆಗೆಯದೆ ಪೂರ್ತಿ ಕೇಳಿದರು.

"ಪರವಾಗಿಲ್ಲ. ಈ ವಾರ ಯಾರ ಮುಂದೆ ನುಡಿಸ್ದೆ?"

"ನಿದ್ದೆಗೆಟ್ಟೋರ ಮುಂದೆ, ಮೇಷ್ಟ್ರೇ."

"ನಿದ್ದೆ ಬಂತಾ ಅವರಿಗೆ?"

"ಬಂತು."

"ಹಂಗಾದ್ರೆ ಮುಂದಿನ ಪಾಠ ತಗೋ" ಎಂದು ಪುಟ ತಿರುವಿದರು.