ಬಾವಿಗೊಂದು ಇಸವಿ

ನ್ಯಾಮತಿಯ ಮುರುಗೇಶಪ್ಪ ಮೇಷ್ಟ್ರು ನಿವೃತ್ತರಾಗಿ ಹನ್ನೆರಡು ವರ್ಷವಾದರೂ, ಇತಿಹಾಸ ತಮ್ಮನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲವೆಂದು ನಂಬಿದ್ದರು. ಹಾಗಾಗಿ ಹಳೆಯ ಶಿಷ್ಯೆ ದುರ್ಗಾಂಬಿಕಾ ಒಂದು ಕಟ್ಟು ಕಾಗದ ಹಿಡಿದು ಮನೆಗೆ ಬಂದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಒಳಗೆ ಹೋಗಿ ಬನಿಯನ್ನಿನ ಮೇಲೆ ಶರಟು ಹಾಕಿಕೊಂಡು ಬಂದರು. ವಿದ್ವಾಂಸರು ಬರೀ ಬನಿಯನ್ನಿನಲ್ಲಿ ಕೂರಬಾರದಲ್ಲ.

ಹುಡುಗಿ ಎಂ.ಎ. ಓದುತ್ತಿದ್ದಳು. ಮೂಲ ದಾಖಲೆ ನೋಡಿ ಒಂದು ಪ್ರಬಂಧ ಬರೆಯಬೇಕಿತ್ತು. ಬಿಳಿಚೋಡಿನಾಚೆ ತನ್ನೂರಲ್ಲಿರುವ ಮೆಟ್ಟಿಲುಬಾವಿಯನ್ನು ಆರಿಸಿಕೊಂಡಿದ್ದಳು. ಮೇಷ್ಟ್ರು ಇಪ್ಪತ್ತು ವರ್ಷ ಪಾಠ ಹೇಳಿದ ಊರೂ ಅದೇ.

“ಮೂರು ಆಧಾರ ಸಿಕ್ಕವೆ ಸರ್. ನಮ್ಮ ಶಾಲೆ ಸ್ಮರಣಸಂಚಿಕೆ, ಬಾವಿ ಪಕ್ಕದ ಬೋರ್ಡು, ತಾಲ್ಲೂಕಿನ ಕೈಪಿಡಿ. ಮೂರ್ರಾಗೂ ಒಂದೇ ಐತೆ. ಪಾಳೇಗಾರ ಒಬ್ಬ ಮಗಳ ಮದುವೆಗೆ ಅಂತ 1742ರಾಗೆ ಕಟ್ಟಿಸಿದ್ದು.”

ಮಂಡಕ್ಕಿ ಮೆಲ್ಲುತ್ತಿದ್ದ ಮೇಷ್ಟ್ರಿಗೆ ಕೆಮ್ಮು ಬಂತು. 1742 ಅವರ ಲೂನಾ ಗಾಡಿಯ ನಂಬರು.

ಮೂವತ್ತು ವರ್ಷದ ಹಿಂದೆ ಸ್ಮರಣಸಂಚಿಕೆ ಅಚ್ಚಿಗೆ ಹೋಗುವಾಗ ಒಂದು ಪುಟ ಖಾಲಿ ಉಳಿದಿತ್ತು. “ಏನಾದ್ರೂ ಗೀಚಿ ಕೊಡ್ರಿ” ಎಂದರು ಹೆಡ್‌ಮಾಸ್ತರರು. ಒಂದು ಲೋಟ ಚಹಾ ಮುಗಿಯುವುದರೊಳಗೆ ಪಾಳೇಗಾರ ಹುಟ್ಟಿದ, ಅವನಿಗೆ ಮಗಳೂ ಹುಟ್ಟಿದಳು. ಇಸವಿ ಬೇಕಾದಾಗ ಕಿಟಕಿಯಾಚೆ ಲೂನಾ ನಿಂತಿತ್ತು. ವಿನಯದಿಂದ ಹೆಸರು ಹಾಕಿಕೊಳ್ಳಲಿಲ್ಲವೆಂದು ಆಗ ತಮಗೆ ತಾವೇ ಹೇಳಿಕೊಂಡಿದ್ದರು; ನಿಜಕ್ಕೂ ಅದು ಪುಕ್ಕಲುತನ. ಆ ಪುಟ ನೋಡಿ ಊರವರು ಬೋರ್ಡು ಬರೆಸಿದರು, ಬೋರ್ಡು ನೋಡಿ ತಾಲ್ಲೂಕಿನವರು ಕೈಪಿಡಿ ಬರೆದರು. ಈಗ ಮೇಷ್ಟ್ರಿಗೆ ನಾಚಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅವರ ಬೇರೆ ಯಾವ ಬರಹವೂ ಊರ ಗಡಿ ದಾಟಿರಲಿಲ್ಲ.

“ಇದೊಂದು ಮಾತ್ರ ಹೊಂದಂಗಿಲ್ಲ ಸರ್,” ಎಂದು ದುರ್ಗಾಂಬಿಕಾ ಒಂದು ಜೆರಾಕ್ಸ್ ತೆಗೆದಳು. “ಪಾಳೇಗಾರರೆಲ್ಲ ಹೋದ ಮೇಲಿನ ಬರಗಾಲದ ಕಾಮಗಾರೀಲಿ ಆ ಬಾವಿ ತೋಡಿದೋರ ಹಾಜರಿ ಪಟ್ಟಿ. ಮೂರರ ಮುಂದೆ ಇದೊಂದೇ. ಬಿಟ್ಬಿಡ್ಲಾ? ನಾಳಿದ್ದು ಪ್ರಬಂಧ ಕೊಡಬೇಕು.”

ಬಿಡು ಎಂದಿದ್ದರೆ ಮುಗಿದಿತ್ತು. ಹಾಗೆನ್ನಲು ಬಾಯಿಯನ್ನೂ ತೆರೆದಿದ್ದರು. ಅಷ್ಟರಲ್ಲಿ ಬೋರ್ಡು ಉದ್ಘಾಟನೆಯ ದಿನ ನೆನಪಾಯಿತು. ಶಾಲು ಹೊದ್ದು ಇವರೇ ಮುಖ್ಯ ಭಾಷಣಕಾರರು. ಈ ಹುಡುಗಿಯ ಅಜ್ಜಿ ದುರುಗಕ್ಕ ಜನರ ನಡುವೆ ಎದ್ದು ನಿಂತು, “ಇದು ನಮ್ಮೋರು ತೋಡಿದ ಬಾವಿ. ನಮ್ಮಜ್ಜಿ ಮಣ್ಣು ಹೊತ್ತಾಳೆ” ಎಂದಿದ್ದಳು. “ದಾಖಲೆ ಐತೇನಜ್ಜಿ?” ಎಂದು ಇವರು ಮೈಕಿನಲ್ಲೇ ಕೇಳಿದ್ದರು. ಜನ ಗೊಳ್ಳೆಂದು ನಕ್ಕಿದ್ದರು. ಆ ನಗುವನ್ನು ಮೇಷ್ಟ್ರು ಒಂದು ವಾರ ಮೆಲುಕು ಹಾಕಿದ್ದರು.

“ಅದನ್ನ ಬಿಡಬೇಡ ಕಣಮ್ಮ,” ಎಂದರು. “ಉಳಿದ ಮೂರನ್ನ ಬಿಡು. ಮೂರೂ ನಾನು ಹೇಳಿದ ಒಂದೇ ಸುಳ್ಳಿನ ನಕಲು.”

ಎಲ್ಲ ಹೇಳಿದರು, ಲೂನಾವನ್ನೂ ಬಿಡಲಿಲ್ಲ. ಲೂನಾ ವಿಷಯಕ್ಕಾದರೂ ನಕ್ಕಾಳೆಂದು ಆಸೆಯಿತ್ತು. ಅವಳು ನಗಲಿಲ್ಲ.

“ಬೋರ್ಡು ಹಾಕಿದ ಅವತ್ತಿಂದ ಅಜ್ಜಿ ಬಾವಿ ಕಡೆ ಹೋಗಿಲ್ಲ ಸರ್.”

ಮೇಷ್ಟ್ರು ಅವಳ ಜೊತೆಗೇ ದಾವಣಗೆರೆ ಬಸ್ಸು ಹತ್ತಿದರು. ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ “ಇತಿಹಾಸವೆಂಬುದು” ಎಂದು ಶುರುವಾಗುವ ಭರ್ಜರಿ ಕ್ಷಮಾಪಣೆಯೊಂದನ್ನು ಉರು ಹೊಡೆದರು. ಜಗಲಿಯ ಮೇಲೆ ಕೂತಿದ್ದ ದುರುಗಕ್ಕ ತಲೆಯೆತ್ತಿ ನೋಡಿದ್ದೇ ತಡ, ಅದಷ್ಟೂ ಮರೆತುಹೋಯಿತು.

“ಅವತ್ತು ನಾನು ಹೇಳಿದ್ದು ಸುಳ್ಳು ಅಜ್ಜಿ. ನೀವು ಹೇಳಿದ್ದೇ ನಿಜ.”

ಬೇರೇನೂ ತೋಚದೆ ಮೇಷ್ಟ್ರು ಹಾಜರಿ ಪಟ್ಟಿ ಬಿಚ್ಚಿ ಓದತೊಡಗಿದರು. “ಗಾದ್ರಪ್ಪನ ಹೆಂಡತಿ ಅಜ್ಜಮ್ಮ” ಎಂಬಲ್ಲಿಗೆ ಬಂದಾಗ ದುರುಗಕ್ಕ ಕೈ ಎತ್ತಿದಳು.

“ನಮ್ಮಜ್ಜಿ ಆಕಿ. ಇನ್ನೊಂದ್ಸಲ ಓದ್ರಿ ಮೇಷ್ಟ್ರೇ.”

ಅಷ್ಟು ವರ್ಷ ಪಾಠ ಮಾಡಿದರೂ ಇನ್ನೊಂದು ಸಲ ಓದಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಮೊದಲ ಹೆಸರಿನಿಂದ ಮತ್ತೆ ಓದಿದರು.