ಬಿಸಿ ಗೊತ್ತಾಗದ ಕೈ

ಹೋದ ವಾರ ಮುಂಜಾನಿ ಒಲಿ ಮುಂದ ಕುಂತು ರೊಟ್ಟಿ ಮಾಡಾಕತ್ತಿದ್ದೆ. ಏನೋ ಸುಟ್ಟ ವಾಸನಿ ಬಂತು. ರೊಟ್ಟಿ ಸೀದಿರಬೇಕಂತ ತಿರುವಿ ನೋಡಿದ್ರ ರೊಟ್ಟಿ ಚಲೋನೇ ಇತ್ತು. ಅಷ್ಟರಾಗ ಮೊಮ್ಮಗಳು ಓಡಿ ಬಂದು, "ಯವ್ವಾ, ನಿನ್ನ ಬೆರಳು ಬೇ! ಹಂಚಿನ ಮ್ಯಾಲ ಅದ!" ಅಂತ ಚೀರಿದಳು. ಕೈ ತೆಗೆದು ನೋಡಿಕೊಂಡ್ರ ಬೆರಳಿನ ತುದಿ ಬೆಳ್ಳಗ ಬೊಬ್ಬಿ ಎದ್ದಿತ್ತು. ನನಗ ಖಬರೇ ಇಲ್ಲ. ಸಕ್ಕರಿ ಬ್ಯಾನಿ ಬಂದು ಭಾಳ ವರ್ಷ ಆತು, ಬೆರಳು ಸತ್ತಂಗ ಆಗ್ಯಾವ. ಆದ್ರ ಆ ಚರ್ಮ ಸುಟ್ಟ ವಾಸನಿ... ಅದು ನನ್ನ ಮೂಗಿಗೆ ಹೊಸದಲ್ಲ. ಇದೇ ವಾಸನಿ, ಇದೇ ಹಂಚು. ಆಗ ಕೈ ಮಾತ್ರ ಬ್ಯಾರೇದವರದು.

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ಗಂಡ ತೀರಿಕೊಂಡ ಮ್ಯಾಲ ನಾನು ರಾಯಚೂರು ಟೇಶನ್ ಹತ್ರ ಒಂದು ಖಾನಾವಳಿ ಇಟ್ಟಿದ್ದೆ. ಹತ್ತಿ ಬಜಾರದ ಹಮಾಲರು, ಲಾರಿಯವರು, ರೈಸ್ ಮಿಲ್ಲಿನ ಗುಮಾಸ್ತರು ಉಣ್ಣಾಕ ಬರ್ತಿದ್ರು. ಒಂದಿನ ಮಧ್ಯಾಹ್ನ ಬಾಗಿಲಾಗ ಒಮ್ಮಿಗೇ ಕತ್ತಲಾತು. ನೋಡಿದ್ರ ಒಬ್ಬ ಕೆಂಪು ಮನುಷ್ಯ! "ಬಾಗಿ ಬರ್ರಿ" ಅನ್ನೋದ್ರಾಗ ಮ್ಯಾಲಿನ ಚೌಕಟ್ಟಿಗೆ ಹಣಿ ಧಡ್ ಅಂತ ಹೊಡಕೊಂಡ. ಆಮ್ಯಾಲ ತಾನೇ ನಕ್ಕ. ಹಾಲೆಂಡ್ ದೇಶದವ. ದೇವದುರ್ಗ, ಮಾನ್ವಿ ಕಡೆ ಹಳ್ಳಿಗೋಳಾಗ ಬೋರು ಕೊರೆದು ಕೈಪಂಪು ಕೂಡ್ರಸಾಕ ಬಂದಿದ್ದ. ಜೋಡಿ ದೇವದುರ್ಗದ ಒಬ್ಬ ಫಿಟರ್ ಇದ್ದ. ಅಷ್ಟಿಷ್ಟು ಇಂಗ್ಲಿಷ್ ಬಲ್ಲ ಆ ಫಿಟರೇ ಮೊದಮೊದಲು ಅವನ ಬಾಯಿ. ವರ್ಷ ತುಂಬೋದ್ರಾಗ ಸಾಹೇಬ ನಮ್ಮ ಮಾತು ನಮ್ಮಂಗೇ ಆಡಾಕ ಹತ್ತಿದ.

"ನಮ್ಮೂರಾಗ ಸಮುದ್ರ ಮ್ಯಾಲ ಅದ, ಮನಿ ಕೆಳಗ ಅವ" ಅಂತಿದ್ದ.

"ಹಂಗಾದ್ರ ಮುಳುಗಂಗಿಲ್ಲೇನು?"

"ದೊಡ್ಡ ಒಡ್ಡು ಹಾಕೀವಿ."

"ನೀರು ತಡಿಯೋ ಊರು ಬಿಟ್ಟು ನೀರು ಹುಡುಕೋ ಊರಿಗೆ ಬಂದ್ಯಲ್ಲೋ ಯಪ್ಪಾ, ನಿನ್ನ ತಲಿ ನೆಟ್ಟಗ ಅದ ಏನು?" ಅಂದ್ರ ಕುಲುಕುಲು ನಗ್ತಿದ್ದ. ಆ ನಗು ನನಗ ಭಾಳ ಸೇರತಿತ್ತು. ಈಗ ಹೇಳಾಕ ನಾಚಿಕಿ ಏನು?

ಒಂದಿನ ಫಿಟರ್ ಉಣ್ಣಾಕ ಕುಂತವರಿಗೆಲ್ಲ ಹೇಳಿದ: "ಸಾಹೇಬ್ರು ಅವರ ದೇಶದಾಗ ಫುಟ್‌ಬಾಲ್ ಗೋಲ್‌ಕೀಪರ್ ಇದ್ರು. ಚೆಂಡು ಹಿಡಿಯಾಕ ಪಗಾರ ಕೊಡ್ತಿದ್ರಂತ." ಹಮಾಲರು ಹೊಟ್ಟಿ ಹಿಡಕೊಂಡು ನಕ್ಕರು. ಚೆಂಡು ಹಿಡಿಯಾಕ ಪಗಾರನಾ! ನಾನೂ ಸುಮ್ಮನಿರಲಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಎತ್ತಿ "ಹಿಡಿ ನೋಡೂನು" ಅಂತ ಒಗದೆ. ರೆಪ್ಪಿ ಬಡೀದಂಗ ಅದನ್ನೇ ನೋಡಿ ಹಿಡಿದ. ಬ್ಯಾರೆಯವರಾಗಿದ್ರ ಹಾ ಹೂ ಅಂತ ಈ ಕೈಯಿಂದ ಆ ಕೈಗೆ ಕುಣಿಸ್ತಿದ್ರು. ಇವ ಹಿಡಕೊಂಡು ನಿಂತೇ ಬಿಟ್ಟ. ಎಲ್ಲಾರೂ ಚಪ್ಪಾಳಿ ಹೊಡದ್ರು. ಅವತ್ತಿಂದ ಅದು ನಮ್ಮ ಖಾನಾವಳಿ ತಮಾಷಿ ಆತು. ಅವ ಬರೋದು, ನಾನು ಸುಡುಸುಡು ರೊಟ್ಟಿ ಒಗಿಯೋದು, ಅವ ಹಿಡಿಯೋದು, ಮಂದಿ ಶಾಭಾಸ್ ಅನ್ನೋದು.

ಆಮ್ಯಾಲ ಒಂದು ಮುಂಜಾನಿ ಯಾರೂ ಬಂದಿರಲಿಲ್ಲ. ಹಂಚು ಇಳಸಬೇಕು, ಅರಿವಿ ಕೈಗೆ ಸಿಗವಲ್ದು. ಅವ ಎದ್ದು ಬಂದು ಬರಿಗೈಲೇ ಹಂಚು ಎತ್ತಿ ಕೆಳಗಿಟ್ಟ. ಅವಾಗ ಬಂತು ಆ ವಾಸನಿ. ಅವನ ಅಂಗೈ ತಿರುವಿ ನೋಡಿದ್ರ... ಹಳೇ ಬೊಬ್ಬಿ, ಹೊಸಾ ಬೊಬ್ಬಿ. ನಾ ಒಗದ ರೊಟ್ಟಿಗೋಳ ಗುರ್ತು.

"ಸುಡಲಿಲ್ಲೇನೋ?" ಅಂದೆ.

"ಗೊತ್ತಾಗಂಗಿಲ್ಲ" ಅಂದ.

ಅವತ್ತು ಒಲಿ ಮುಂದ ಕುಂತು ತನ್ನ ಕತಿ ಹೇಳಿದ. ಅಪ್ಪ ಬಂದರದಾಗ ಮೂಟಿ ಹೊರೋನು, ನಮ್ಮ ಹಮಾಲರಂಗೇ. ಮಗ ಗೋಲ್‌ಕೀಪರ್ ಆದಾಗ ಊರ ತುಂಬ ಹೇಳಿಕೊಂಡು ಅಡ್ಡಾಡಿದ್ದನಂತ. ಭಾಳ ವರ್ಷ ಇವ ಎರಡನೇ ಗೋಲ್‌ಕೀಪರ್ ಆಗಿ ಹೊರಗ ಬೆಂಚಿನ ಮ್ಯಾಲ ಕುಂತ. ಕಡೀಗೆ ಒಳಗ ನಿಲ್ಲೋ ಪಾಳಿ ಬಂತು. ಬಂದ ಸ್ವಲ್ಪ ದಿನಕ್ಕ ಚೆಂಡಿಗೆ ಹಾರಿ ಗೋಲಿನ ಕಂಬಕ್ಕ ತಲಿ ಬಡಕೊಂಡ. ಕುತ್ತಿಗಿ ಒಳಗಿನ ನರ ಜಜ್ಜಿತು. ಮೊದಲು ಕಿರಿಬೆರಳು ಜೋಮು ಹಿಡೀತು, ಆಮ್ಯಾಲ ಅಂಗೈ, ಆಮ್ಯಾಲ ಎರಡೂ ಕೈ. ಯಾರಿಗೂ ಹೇಳಲಿಲ್ಲ. ಕಣ್ಣಿಂದನೇ ಚೆಂಡು ಹಿಡಿಯಾಕ ಕಲಿತ. ಚೆಂಡು ಕಾಣೋ ತನಕ ಕೈ ಕೆಲಸ ಮಾಡ್ತಿತ್ತು. ಒಂದು ದೊಡ್ಡ ಆಟದ ದಿನ ಜೋರು ಮಳಿ. ಚೆಂಡು ಎದಿಗೆ ಅವಚಿಕೊಂಡೀನಿ ಅಂದುಕೊಂಡ. ಕೆಳಗ ನೋಡಿದ್ರ ಚೆಂಡು ಹಿಂದ ಗೋಲಿನ ಬಲಿಯಾಗ. ದುಡ್ಡು ತಿಂದು ಸೋತ ಅಂದ್ರು ಮಂದಿ.

"ಕೈ ಹಿಂಗ ಆಗ್ಯಾವಂತ ಹೇಳಬಾರದೇನೋ ಹುಚ್ಚಪ್ಪಾ?"

"ಹೇಳಿದ್ರ ಆಟ ಬಂದ್ ಮಾಡ್ತಿದ್ರು. ಹೇಳಲಿಲ್ಲ, ಹಂಗೂ ಬಂದ್ ಆತು." ಒಲಿಯಾಗಿನ ಕಟ್ಟಿಗಿ ಒಳಗ ದೂಡಿ ಅಂದ, "ಅಪ್ಪನೂ ನಂಬಿದ. ನನ್ನ ಕೂಡ ಮಾತು ಬಿಟ್ಟೇ ಸತ್ತ."

ಅವತ್ತಿಂದ ರೊಟ್ಟಿ ಸ್ವಲ್ಪ ಆರಿದ ಮ್ಯಾಲ ಒಗಿಯಾಕ ಹತ್ತಿದೆ. ಒಗಿಯೋದೇ ಬಿಟ್ರ ಮಂದಿ ಯಾಕ ಅಂತ ಕೇಳ್ತಿದ್ರು.

ಆ ವರ್ಷ ಬ್ಯಾಸಿಗಿಗೆ ಮೊದಲು ಹೈದರಾಬಾದಿನ ಒಂದು ತಂಡ ನಮ್ಮೂರಿಗೆ ಆಡಾಕ ಬಂತು. ನಮ್ಮ ಕಡೆ ತಂಡಕ್ಕ ಆ ಫಿಟರೇ ಕ್ಯಾಪ್ಟನ್. ನಮ್ಮವರ ಗೋಲ್‌ಕೀಪರ್ ಕಾಲು ಮುರಕೊಂಡಿದ್ದ. "ಸಾಹೇಬ್ರ, ನೀವು ನಿಂದ್ರರಿ" ಅಂತ ಫಿಟರ್ ಗಂಟುಬಿದ್ದ. ನಾನು ಕಣ್ಣಾಗೇ ಬ್ಯಾಡಂದೆ. ಸಾಹೇಬ ನನ್ನ ಕಡೆ ನೋಡಲೇ ಇಲ್ಲ. "ಒಮ್ಮೆ ಅಷ್ಟ" ಅಂದ. ಆ ಮಾರಿ ಮ್ಯಾಲಿನ ಆಸೆ ನೋಡಿ ನಾ ತಿರುಗಿ ಒಲಿ ಕಡೆ ಹೋದೆ.

ಖಾನಾವಳಿ ಬಾಗಿಲು ಹಾಕಿ ನಾನೂ ಮೈದಾನಕ್ಕ ಹೋದೆ. ಯವ್ವಾ, ಅವ ಹಾರಿದ್ದು ನೋಡಬೇಕಿತ್ತು! ಮೂಲ್ಯಾಗ ಬಂದ ಚೆಂಡು, ತಲಿ ಮ್ಯಾಲ ಬಂದ ಚೆಂಡು, ಯಾವುದನ್ನೂ ಬಿಡಲಿಲ್ಲ. ರಾಯಚೂರು ಮಂದಿ ಟೊಪಗಿ ಹಾರಿಸಿದ್ರು. ಆಮ್ಯಾಲ ಎರಡೂ ಕಡೆಯವರು ಜಾಗಾ ಬದಲಿ ಮಾಡಿದ್ರು. ಈಗ ಇಳಿಹೊತ್ತಿನ ಬಿಸಿಲು ಅವನ ಕಣ್ಣಿಗೇ ಹೊಡೀತಿತ್ತು. ಕಡೀಗೊಂದು ಚೆಂಡು ನೆಲದ ಮ್ಯಾಲ ಉರುಳಿಕೋತ ಬಂತು. ಕೂಸು ಹಿಡಿಯೋವಂಥ ಚೆಂಡು. ಬಾಗಿ ಹಿಡಿದ, ಎದಿಗೆ ಅವಚಿದ, ಎದ್ದು ನಿಂತ... ಕೈಯಾಗ ಏನೂ ಇರಲಿಲ್ಲ. ಚೆಂಡು ಹಿಂದ ಗೋಲಿನಾಗ ಬಿದ್ದಿತ್ತು.

"ದುಡ್ಡು ತಿಂದಾನ! ಹೈದರಾಬಾದಿನವರ ಕಡೆ ದುಡ್ಡು ತಿಂದಾನ!" ಅಂತ ಮೈದಾನಕ್ಕ ಮೈದಾನವೇ ಕೂಗಿತು. ಅವಗ ಈಗ ಕನ್ನಡ ಪೂರಾ ತಿಳೀತಿತ್ತು. ತಿಳೀದಿದ್ರ ಚಲೋ ಇತ್ತು ಅಂತ ಎಷ್ಟು ಸಲ ಅಂದುಕೊಂಡೀನೋ.

ಸಂಜಿಗೆ ಖಾನಾವಳಿ ತುಂಬಿತ್ತು. ಅವ ಬಂದು ಕುಂತ. ಯಾರೂ ಮಾತಾಡಸಲಿಲ್ಲ. ಫಿಟರೇ ಎದ್ದು ನಿಂತು, "ಖರೇ ಹೇಳ್ರಿ ಸಾಹೇಬ್ರ, ಎಷ್ಟು ಕೊಟ್ರು?" ಅಂತ ಕೇಳಿದ. ಅವ ಎದ್ದು ಒಲಿ ಹತ್ರ ಬಂದ. ಎಲ್ಲಾರ ಎದುರಿಗೆ ಕಾದ ಹಂಚಿನ ಮ್ಯಾಲ ಅಂಗೈ ಊರಿದ. ನಾನು ಚೀರಿ ಅವನ ರಟ್ಟಿ ಹಿಡಿದು ಎಳೆದೆ.

"ನನ್ನ ಕೈಗೆ ಖಬರ ಇಲ್ಲ" ಅಂದ. "ನಾ ದುಡ್ಡು ತಿಂದಿಲ್ಲ. ಆವಾಗೂ ತಿಂದಿಲ್ಲ, ಈಗೂ ತಿಂದಿಲ್ಲ."

ತನ್ನ ದೇಶದಾಗ, ಹೆತ್ತ ಅಪ್ಪನ ಮುಂದ ಆಡದ ಮಾತನ್ನ ನಮ್ಮ ಮುಂದ ಆಡಿದ್ದ. ನನ್ನ ಎದಿ ಹಗುರಾತು. ಇನ್ನ ಮುಗೀತು, ಇನ್ನ ನಂಬತಾರ ಅಂದುಕೊಂಡೆ. ಖರೇನೇ, ನಂಬಿದ್ರು. ಅವನ ಪಕ್ಕದಾಗ ಕುಂತಿದ್ದ ಹಮಾಲ ಮೆಲ್ಲಕ ತನ್ನ ಗಂಗಾಳ ದೂರ ಸರಿಸಿದ. ಇನ್ನೊಬ್ಬ ಅರ್ಧ ಊಟಕ್ಕ ಎದ್ದ. ಫಿಟರ್ ಹೊರಗ ಹೋಗಿ ಬಚ್ಚಲದಾಗ ಕೈ ತಿಕ್ಕಿ ತಿಕ್ಕಿ ತೊಳಕೊಳ್ಳಾಕ ಹತ್ತಿದ.

ನನಗ ಆಗ ತಿಳೀತು. ಆಗ ನಮ್ಮ ಕಡೆ ಊರೂರಿನ ಗೋಡಿ ಮ್ಯಾಲ ದೊಡ್ಡ ಅಕ್ಷರದಾಗ ಬರೆದಿರತಿದ್ರು: ಚರ್ಮಕ್ಕ ಮುಟ್ಟಿದ್ದು ಗೊತ್ತಾಗದಿದ್ರ ಅದು ಕುಷ್ಠ, ದವಾಖಾನಿಗೆ ತೋರಿಸ್ರಿ. ಓದಾಕ ಬರದವರಿಗೂ ಅದು ಬಾಯಿಪಾಠ. ಸ್ಪರ್ಶ ಇಲ್ಲದ ಕೈಗೆ ನಮ್ಮ ಮಂದಿಗೆ ಗೊತ್ತಿದ್ದ ಹೆಸರು ಅದೊಂದೇ.

ಡಾಕ್ಟರ್ ಬಂದು ಇದು ಕುತ್ತಿಗಿ ನರದ್ದು, ಕುಷ್ಠ ಅಲ್ಲ ಅಂದ್ರು. ಯಾರು ಕೇಳ್ತಾರ? ಕುಷ್ಠನೇ ಆಗಿದ್ರೂ ಮನುಷ್ಯಾನ್ನ ಹಂಗ ಬಿಡ್ತಾರೇನು? ನನಗ ಇವತ್ತೂ ಸಿಟ್ಟು ಬರತದ. ದೇವದುರ್ಗ ಕಡೆ ಅವ ಕೂಡ್ರಿಸಿದ ಪಂಪುಗೋಳಿಗೆ ಹೆಂಗಸರು ಜಾಲಿಮುಳ್ಳು ಕಟ್ಟಿ ತಿರುಗಿ ಹಳ್ಳದ ರಾಡಿ ನೀರಿಗೆ ಹೋದ್ರಂತ. ನನ್ನ ಖಾನಾವಳಿಗೂ ಭಾಳ ದಿನ ಯಾರೂ ಹಾಯಲಿಲ್ಲ. ಪಂಪಿಗೆ ಯಾರೂ ಬರಂಗಿಲ್ಲಂದ್ರ ಅವಗೇನು ಕೆಲಸ? ಅವನ್ನ ಕಳಿಸಿದ ಆಫೀಸಿನವರು ತಿರುಗಿ ಬಾ ಅಂದ್ರು.

ಹೋಗೋ ದಿನ ಬಂದು ಬಾಗಿಲ ಹೊರಗೇ ನಿಂತ. ಒಳಗ ಬಾ ಅಂದ್ರ ಬರಲಿಲ್ಲ. ಚೀಲದಿಂದ ಒಂದು ಜೋಡಿ ಹಳೇ ಉಣ್ಣಿ ಕೈಗವಸು ತೆಗೆದ. ಮಳಿಗಾಲದ ಆಟಕ್ಕ ಹಾಕಿಕೊಳ್ಳತಿದ್ದ ಕೈಗವಸು. "ನಿನಗ ಸುಡತದ, ನೀ ಇಟ್ಟುಕೋ" ಅಂದ. ಹಂಚಿನ ಮ್ಯಾಲಿನ ರೊಟ್ಟಿ ಎತ್ತಿ ಒಗದೆ. ಹಿಡಿದ. ಎರಡೂ ಕೈಯಾಗ ಇಟ್ಟುಕೊಂಡು ಅದನ್ನೇ ನೋಡಿಕೋತ ಕೇಳಿದ:

"ಬಿಸಿ ಅದ ಏನು?"

"ಅದ" ಅಂದೆ. "ಭಾಳ ಬಿಸಿ ಅದ."

ತಲಿ ಅಲ್ಲಾಡಿಸಿ, ಬಾಗಿಲಿಲ್ಲದ ಕಡೆನೂ ಬಾಗಿಕೊಂಡೇ ಹೋದ. ಆಮ್ಯಾಲ ಸುದ್ದಿ ಇಲ್ಲ... ಅದಾನೋ ಇಲ್ಲೋ.

ಕೈಗವಸು ಹಿಡಕೊಂಡು ವರ್ಷಗಟ್ಟಲೆ ಹಂಚು ಇಳಿಸಿದೆ. ಒಂದು ಪೂರಾ ಹರಿದು ಹೋತು. ಇನ್ನೊಂದು ಟ್ರಂಕಿನಾಗ ಅದ, ಮೊನ್ನೆ ತೆಗೆದು ಹಾಕಿಕೊಂಡು ನೋಡಿದೆ. ಈಗ ಅವನಂಗ ನನಗೂ ಸುಟ್ಟದ್ದು ಗೊತ್ತಾಗಂಗಿಲ್ಲ. ನನ್ನ ಬೆರಳು ನೋಡಿದ ಡಾಕ್ಟರ್, "ಸಕ್ಕರಿ ಇದ್ದವರಿಗೆ ಇದೆಲ್ಲ ಇದ್ದದ್ದೇ ಅಮ್ಮಾ" ಅಂದು ಗುಳಗಿ ಬರೆದುಕೊಟ್ರು. ಯಾರೂ ಎದ್ದು ಹೋಗಲಿಲ್ಲ. ಯಾರೂ ಗಂಗಾಳ ಸರಿಸಲಿಲ್ಲ. ಈಗ ಮೊಮ್ಮಗಳು ನನ್ನ ಬಾಜೂಕ ಕುಂತಿರತಾಳ. ರೊಟ್ಟಿ ಮುಟ್ಟೋಕ ಮೊದಲು ಅಕಿನ್ನ ಕೇಳ್ತೀನಿ, "ಬಿಸಿ ಅದ ಏನು ಬೇ?" ಅಕಿ ಹೇಳ್ತಾಳ. ಸಮುದ್ರದ ಕೆಳಗಿನ ಆ ಊರಾಗ ಅವಗ ಯಾರು ಹೇಳಿದ್ರೋ...